ಹುಟ್ಟುವ ಮೊದಲೇ ಒಂದು ಖಾತೆ

ಹುಟ್ಟುವ ಮೊದಲೇ ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯುವ ಕಾಲ ಇದು. ಜಮಾ ಆಗುವುದು ಹೊಕ್ಕುಳಬಳ್ಳಿಯ ರಕ್ತ, ಹೆಚ್ಚೆಂದರೆ ಅರ್ಧ ಲೋಟ. ಬಡ್ಡಿ ಉಂಟು, ಆದರೆ ಕಟ್ಟಬೇಕಾದವರು ನೀವು. ಅದಕ್ಕೆ ಬಾಡಿಗೆ ಅಂತ ಹೆಸರು.

ಬಸುರಿ ಹೆಂಗಸು ಸ್ಕ್ಯಾನಿಂಗ್ ಮುಗಿಸಿ ಹೊರಗೆ ಬಂದರೆ ಈ ರಕ್ತ ಕಾಪಿಡುವ ಖಾಸಗಿ ಬ್ಯಾಂಕಿನ ಸಲಹೆಗಾರ ನಗುತ್ತಾ ಕಾದಿರುತ್ತಾನೆ. "ಮೇಡಂ, ಇದು ಜೀವಮಾನದಲ್ಲಿ ಒಂದೇ ಸಲ ಸಿಗೋ ಅವಕಾಶ" ಎಂದು ಈ ರಕ್ತ ಮದ್ದಾಗುವ 80 ಕಾಯಿಲೆಗಳ ಪಟ್ಟಿ ಬಿಚ್ಚುತ್ತಾನೆ. ಮಗು ಇನ್ನೂ ಹುಟ್ಟಿಲ್ಲ, ಆಗಲೇ ಅದರ ಹೆಸರಿಗೆ 80 ಕಾಯಿಲೆ! ಗಂಡ ಸ್ವಲ್ಪ ಹಿಂದೆಮುಂದೆ ನೋಡಿದರೆ ಸಾಕು, "ಸರ್, ಮಗುವಿಗಿಂತ ದುಡ್ಡು ಜಾಸ್ತಿನಾ?" ಅನ್ನುವ ಪ್ರಶ್ನೆ ಬಾಯಿಗೆ ಬರದೆ ಕಣ್ಣಲ್ಲೇ ಬರುತ್ತದೆ. ಸಹಿ ಬೀಳುತ್ತದೆ.

ಪಟ್ಟಿ ಸುಳ್ಳಲ್ಲ, ಮಜಾ ಇರುವುದೇ ಅಲ್ಲಿ. ಆ ಕಾಯಿಲೆಗಳಿಗೆ ಇಂಥ ರಕ್ತದಲ್ಲಿರುವ ಸ್ಟೆಮ್ ಸೆಲ್, ಅಂದರೆ ಹೊಸ ಕೋಶ ಹುಟ್ಟಿಸುವ ಮೂಲಕೋಶಗಳನ್ನು ಕಸಿ ಮಾಡುತ್ತಾರೆ. ಆದರೆ ಹೆಚ್ಚಿನವಕ್ಕೆ ಬೇಕಾಗುವುದು ಬೇರೆಯವರ ಕೋಶ. ಥಲಸೀಮಿಯಾದಂತಹ ಹುಟ್ಟುಕಾಯಿಲೆ ಇದ್ದರೆ ಲಾಕರ್‌ನಲ್ಲಿರುವ ರಕ್ತದಲ್ಲೂ ಅದೇ ದೋಷ ಇರುತ್ತದೆ. ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂದರೆ, ಅದರ ಬೀಜ ಹುಟ್ಟುವಾಗಲೇ ಆ ರಕ್ತದಲ್ಲಿ ಇದ್ದಿರಬಹುದು ಅಂತ ವೈದ್ಯರು ಮುಟ್ಟಲು ಹೆದರುತ್ತಾರೆ. ಮನೆಗೆ ಬೆಂಕಿ ಬಿದ್ದರೆ ಬೇಕಾಗುತ್ತದೆ ಅಂತ ಸೀಮೆಎಣ್ಣೆ ಕೂಡಿಟ್ಟ ಹಾಗಾಯಿತು, ಅದೂ ಮೈನಸ್ 196 ಡಿಗ್ರಿಯಲ್ಲಿ.

ಇಂಥ ರಕ್ತದ ಮೊದಲ ಕಸಿ ನಡೆದದ್ದು 1988ರಲ್ಲಿ, ಪ್ಯಾರಿಸ್‌ನಲ್ಲಿ. ಡಾಕ್ಟರ್ ಎಲಿಯಾನ್ ಗ್ಲಕ್‌ಮನ್ ತಂಡ ಫ್ಯಾಂಕೋನಿ ಅನೀಮಿಯಾ ಎಂಬ, ಮೂಳೆಮಜ್ಜೆ ಸರಿಯಾಗಿ ರಕ್ತ ತಯಾರಿಸದ ಹುಟ್ಟುಕಾಯಿಲೆ ಇದ್ದ ಪುಟ್ಟ ಹುಡುಗನನ್ನು ಉಳಿಸಿತು. ಸಲಹೆಗಾರ ಈ ಕಥೆಯನ್ನು ಕಣ್ಣಲ್ಲಿ ನೀರು ಬರುವಂತೆ ಹೇಳುತ್ತಾನೆ. ಆ ರಕ್ತ ಹುಡುಗನದ್ದಲ್ಲ, ಆಗಷ್ಟೇ ಹುಟ್ಟಿದ್ದ ತಂಗಿಯದ್ದು ಅನ್ನುವ ಸಾಲು ಬರುವ ಹೊತ್ತಿಗೆ ಸರಿಯಾಗಿ ಅವನ ಫೋನ್ ರಿಂಗಾಗುತ್ತದೆ.

ಮನೆಯಲ್ಲಿ ಆಗಲೇ ಒಂದು ಮಗುವಿಗೆ ಇಂಥ ಕಾಯಿಲೆ ಇದ್ದರೆ ರಕ್ತ ತೆಗೆದಿಡಿ, ಇಲ್ಲವಾದರೆ ಬೇಕಾದವರಿಗೆ ಈ ರಕ್ತ ಕೊಡುವ ಸಾರ್ವಜನಿಕ ಬ್ಯಾಂಕಿಗೆ ದಾನ ಮಾಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲೇ ಹೇಳಿತು. 2017ರಲ್ಲಿ ಮತ್ತೆ ಹೇಳಿತು. ತನ್ನ ರಕ್ತ ತನಗೇ ಬೇಕಾಗುವ ಸಾಧ್ಯತೆ 1,000ಕ್ಕೆ ಒಂದರಿಂದ 2,00,000ಕ್ಕೆ ಒಂದರವರೆಗೆ ಎಂಬ ಅಂದಾಜುಗಳನ್ನೂ ಮುಂದಿಟ್ಟಿತು. ಆದರೆ ದಾನಕ್ಕೆ ಬಾಡಿಗೆ ಹುಟ್ಟುವುದಿಲ್ಲವಲ್ಲ! ಮೊದಲ ಕಸಿ ಮಾಡಿದ ಫ್ರಾನ್ಸ್‌ನಲ್ಲಂತೂ ಇಂಥ ಖಾಸಗಿ ಲಾಕರ್‌ಗೆ ಅನುಮತಿಯೇ ಇಲ್ಲ. ಪಾಪ, ಹಿಂದುಳಿದ ದೇಶ.

ಇನ್ನು ವಿಶ್ವ ಆರೋಗ್ಯ ಸಂಸ್ಥೆಯ ಕಿರಿಕಿರಿ ಬೇರೆ. ಹೆರಿಗೆಯಾದ ಮೇಲೆ ಒಂದು ನಿಮಿಷವಾದರೂ ಬಳ್ಳಿ ಕತ್ತರಿಸಬೇಡಿ ಅನ್ನುತ್ತದೆ. ಆ ಹೊತ್ತಲ್ಲಿ ರಕ್ತ ಸುಮ್ನೆ ಮಗುವಿನ ಮೈಗೆ ಹರಿದುಬಿಡುತ್ತದೆ, ಮುಂದಿನ ಹಲವು ತಿಂಗಳಿಗೆ ಬೇಕಾದ ಕಬ್ಬಿಣದ ಅಂಶ ಪುಕ್ಕಟೆಯಾಗಿ ಸೇರುತ್ತದೆ. ಫಾರ್ಮ್ ಇಲ್ಲ, ಕಂತು ಇಲ್ಲ. ಕಾದಷ್ಟೂ ಚೀಲಕ್ಕೆ ಬರುವ ರಕ್ತ ಕಡಿಮೆ. ಹೀಗಾಗಿ ಮಗುವಿಗೂ ಬ್ಯಾಂಕಿಗೂ ಹುಟ್ಟಿದ ನಿಮಿಷದಲ್ಲೇ ಪೈಪೋಟಿ. ಮಗು ಯಾಕೆ ಅಳುತ್ತದೆ ಅಂತ ಈಗ ಗೊತ್ತಾಯಿತಲ್ಲ?

ಮಗು ಬೆಳೆದು ದೊಡ್ಡವನಾದರೆ ಇಷ್ಟು ರಕ್ತ ಸಾಲದೇ ಹೋಗಬಹುದು ಅಲ್ವಾ ಅಂತ ಕೇಳಿದರೆ, "ಅಷ್ಟು ಹೊತ್ತಿಗೆ ವಿಜ್ಞಾನ ಮುಂದುವರಿದಿರುತ್ತೆ ಸರ್" ಅನ್ನುವ ಉತ್ತರ ಸಿದ್ಧವಿದೆ. ವ್ಯಾಪಾರ ಆಗಲೇ ಮುಂದುವರಿದಿದೆ. ಅದರಲ್ಲೂ ಸ್ಟೆಮ್ ಸೆಲ್ ಇದೆ ಅಂತ ಹಾಲುಹಲ್ಲಿಗೂ ಲಾಕರ್ ಬಂದಿದೆ. ಮಗುವಿನ ಮೊದಲ ಹಲ್ಲು ಅಲ್ಲಾಡುವ ವಯಸ್ಸಿಗೆ ನಿಮಗೊಂದು ಫೋನ್ ಬಂದೇ ಬರುತ್ತದೆ. ನಂಬರ್ ಹೇಗೂ ಅವರ ಹತ್ತಿರ ಇದೆಯಲ್ಲ.