ಮೈಕ್ ಸರಿ, ಮಲ್ಪೆಯ ಗಾಳಿಗೆ ಏನು ಮಾಡುವುದು?

ವಿಡಿಯೊ ಮಾಡುವ ಹೊಸಬರು ಕ್ಯಾಮೆರಾ ಮೇಲೆ ಕೂರಿಸುವ ಸಣ್ಣ ಮೈಕ್ ಕೊಂಡರೆ ಸಾಕು, ಧ್ವನಿ ಸರಿಹೋಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ನಿಜ.

ನಾನೂ ಹಾಗೇ ನಂಬಿ ಬೋಯಾ ಬಿವೈ-ಎಂಎಂ1 ಎಂಬ ಅಂಥದ್ದೇ ಮೈಕ್ ತೆಗೆದುಕೊಂಡೆ. ಮೊದಲ ಶೂಟಿಂಗ್ ಮಲ್ಪೆ ಬೀಚಿನಲ್ಲಿ. ಜೊತೆಗೆ ಬಂದ, ಮೈಕಿಗೆ ಹಾಕುವ ರೋಮದ ಟೊಪ್ಪಿಯನ್ನು ಮನೆಯಲ್ಲೇ ಬಿಟ್ಟಿದ್ದೆ, ಬೆಕ್ಕಿನ ಮರಿ ಹಾಗೆ ಕಾಣುತ್ತದೆ ಅಂತ ನಾಚಿಕೆ! ವಾಪಸ್ ಬಂದು ಕೇಳಿದರೆ ಬರೀ ಗಾಳಿಯ ಬುಸ್ ಬುಸ್. ಆ ಟೊಪ್ಪಿ ಗಾಳಿಯ ಸದ್ದು ತಡೆಯಲು ಕೊಟ್ಟದ್ದು, ಅಲಂಕಾರಕ್ಕಲ್ಲ ಮಾರಾಯ್ರೆ. ತಪ್ಪು ನನ್ನದೇ.

ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾದಲ್ಲಿ ಮೈಕಿನ ಪಿನ್ ಚುಚ್ಚುವ 3.5 ಎಂಎಂ ಜ್ಯಾಕ್ ಉಂಟಾ ನೋಡಿ. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ. ಕೇಬಲ್ ಪಿನ್ ಮೇಲೆ ಎರಡು ಗೆರೆ ಇದ್ದರೆ ಕ್ಯಾಮೆರಾಗೆ, ಮೂರಿದ್ದರೆ ಫೋನಿಗೆ. ಎಂಎಂ1 ಜೊತೆ ಎರಡೂ ಕೇಬಲ್ ಬರುತ್ತವೆ. ರೋಡ್ ಕಂಪನಿಯ ಹಳೆಯ ವಿಡಿಯೊಮೈಕ್ರೊ ಮೈಕ್ ಆದರೆ ಫೋನಿಗೆ ಬೇರೆ ಕೇಬಲ್ ಕೊಳ್ಳಬೇಕು.

ಇನ್ನು ದೂರ. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ, ನನಗೆ ಬೇಸರವಾದದ್ದು ಅದಕ್ಕೇ. ಕ್ಯಾಮೆರಾ ಹಿಂದೆ ಹೋದರೆ ಮೈಕೂ ಹಿಂದೆ ಹೋಗುತ್ತದೆ ಅಲ್ವಾ? ಬಯಲಲ್ಲಿ ದೂರ ಎರಡು ಪಟ್ಟಾದರೆ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗಾದರೆ ಮಾತು ಇಳಿದರೂ ಗೋಡೆಯ ಪ್ರತಿಧ್ವನಿ ಹಾಗೇ ಉಳಿಯುತ್ತದೆ. ಕ್ಯಾಮೆರಾ ಹತ್ತಿರವೇ ಇರುವ ಸೆಲ್ಫಿ ವ್ಲಾಗಿಗೆ ಕ್ಯಾಮೆರಾ ಮೇಲಿನ ಈ ಮೈಕ್ ಚೆನ್ನಾಗಿದೆ. ನಿಂತು ಅಡುಗೆ ತೋರಿಸುವವರಿಗೆ ಬೋಯಾ ಬಿವೈ-ಎಂ1 ಕಾಲರ್ ಮೈಕ್ ಜಾಸ್ತಿ ಉಪಯೋಗ. 6 ಮೀಟರ್ ವಯರ್ ಕಾಲಿಗೆ ತೊಡರುತ್ತದೆ, ಅದೊಂದು ಕಿರಿಕಿರಿ.

ಯಕ್ಷಗಾನ ರೆಕಾರ್ಡ್ ಮಾಡುವವರು ಧ್ವನಿಯನ್ನು ತಾನಾಗಿ ಏರಿಳಿಸುವ ಕ್ಯಾಮೆರಾದ ಆಟೊ ಲೆವೆಲ್ ಆಫ್ ಮಾಡಿ. ಇಲ್ಲದಿದ್ದರೆ ಚೆಂಡೆಯ ಪೆಟ್ಟು ಬಿದ್ದಾಗೆಲ್ಲ ಭಾಗವತರ ಸ್ವರ ಕುಗ್ಗಿಹೋಗುತ್ತದೆ.