ಹಲಸಿನ ಸೊಳೆ ಬೇಕು, ಮೇಣ ಬೇಡ

ನಮ್ಮೂರಿನ ವಾಚನಾಲಯದಲ್ಲಿ ತಿಂಗಳಿಗೊಂದು ಭಾಷಣ ಇಡುವ ಪದ್ಧತಿ ಇದೆ. ಊರು ಎಂದರೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಬಸ್ಸು ಬಂದರೆ. ಎರಡು ಭಾಷೆಯ ಪೇಪರು ಬರುತ್ತದೆ, ಮೂರು ಭಾಷೆಯಲ್ಲಿ ಜಗಳ ನಡೆಯುತ್ತದೆ. ತುಳು ಪೇಪರು ಬಾರದ ಕೊರತೆಯನ್ನು ಜಗಳದಲ್ಲಿ ತೀರಿಸಿಕೊಳ್ಳುತ್ತೇವೆ.

ಕಳೆದ ಡಿಸೆಂಬರಿಗೆ ನಾನೊಂದು ಹೆಸರು ಸೂಚಿಸಿದೆ. ಕ್ರಿಸ್ಟೋಫರ್ ಹಿಚನ್ಸ್, ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಪತ್ರಕರ್ತ. 15ನೇ ತಾರೀಕು ಆತ ಸತ್ತ ದಿನ, 2011ರಲ್ಲಿ. ಆತನ ಬಗ್ಗೆ ಅರ್ಧ ಗಂಟೆ ನಾನೇ ಮಾತಾಡುತ್ತೇನೆ, ಭಾಷಣಕಾರರಿಗೆ ಕೊಡುವ ಶಾಲಿನ ಖರ್ಚೂ ಉಳಿಯುತ್ತದೆ ಎಂದೆ. ಶಾಲಿನ ಮಾತಿಗೆ ಎಲ್ಲರೂ ತಲೆಯಾಡಿಸಿದರು.

ಅಧ್ಯಕ್ಷರಾದ ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಅವರು ನಮ್ಮ ಪರವೋ, ವಿರೋಧವೋ?"

"ಯಾವುದರಲ್ಲಿ ಮಾಷ್ಟ್ರೇ?"

"ಒಟ್ಟಾರೆ."

ಆ ಒಟ್ಟಾರೆಯಲ್ಲೇ ಕೆಲಸ ಕೆಟ್ಟಿತು. ಯಾಕೆಂದರೆ ಈ ಮನುಷ್ಯ ಒಟ್ಟಾರೆ ಯಾರ ಪರವೂ ಅಲ್ಲ. ಹುಟ್ಟಿದ್ದು 1949ರಲ್ಲಿ, ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದುವಾಗ ಕೆಂಪು ಬಾವುಟ. 1981ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿ, ಆ ದೇಶದ ದೊಡ್ಡವರನ್ನೇ ಹಿಡಿದು ಜಾಡಿಸಿದ. ಅಲ್ಲಿನ ಮಾಜಿ ವಿದೇಶಾಂಗ ಮಂತ್ರಿ ಹೆನ್ರಿ ಕಿಸಿಂಜರ್ ಯುದ್ಧಾಪರಾಧಿ, ಕೋರ್ಟಿಗೆ ಎಳೆಯಬೇಕು ಎಂದು 2001ರಲ್ಲಿ ಪುಸ್ತಕವನ್ನೇ ಬರೆದ. ಅದೇ ಮನುಷ್ಯ ಎರಡು ವರ್ಷದೊಳಗೆ ಇರಾಕ್ ಮೇಲೆ ಅಮೆರಿಕ ಯುದ್ಧಕ್ಕೆ ಹೋದದ್ದು ಸರಿ ಎಂದ. ಸಾಯುವ ತನಕ ಆ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಇದರ ನಡುವೆ ದೇವರ ಮೇಲೂ ಪುಸ್ತಕ ಬರೆದ, 2007ರಲ್ಲಿ. ಒಬ್ಬ ದೇವರನ್ನೂ ಬಿಡಲಿಲ್ಲ.

ನಮ್ಮ ಸಖಾವಿಗೆ, ಅಂದರೆ ಪಕ್ಷದ ಕಾಮ್ರೇಡಿಗೆ, ಕಿಸಿಂಜರ್ ಪುಸ್ತಕದ ಸುದ್ದಿ ಕೇಳಿ ಖುಷಿಯಾಯಿತು. ಇರಾಕ್ ಎಂದ ಕೂಡಲೇ ಮುಖ ಗಂಟಾಯಿತು. 2003ರಲ್ಲಿ ಬುಷ್ ಪ್ರತಿಕೃತಿಗೆ ಬೆಂಕಿ ಕೊಟ್ಟವರು ಅವರೇ. ಆ ಬೆಂಕಿಯಲ್ಲಿ ಅವರ ಪಂಚೆಯ ಅಂಚೂ ಸ್ವಲ್ಪ ಸುಟ್ಟಿತ್ತು, ಹಾಗಾಗಿ ವಿಷಯ ವೈಯಕ್ತಿಕ. ತುಂಬಾ ಹೊತ್ತು ಯೋಚಿಸಿ ಒಂದು ದಾರಿ ಹೇಳಿದರು. ಬ್ಯಾನರಿನಲ್ಲಿ ಹೆಸರಿನ ಕೆಳಗೆ '1949–2001' ಎಂದು ಹಾಕುವುದು.

"ಆತ ಸತ್ತದ್ದು 2011ರಲ್ಲಿ ಸಖಾವೇ."

"ಅದು ದೇಹ."

ಭಟ್ರಿಗೆ ಹಿಚನ್ಸ್ ಹೊಸಬನಲ್ಲ. ಅವರ ಮೊಬೈಲಿನಲ್ಲಿ ಆತನ ನಲವತ್ತು ಸೆಕೆಂಡಿನ ವಿಡಿಯೋ ಇದೆ. ಯಾವ ಧರ್ಮದ ಬಗ್ಗೆ ಎಂದು ನಾನು ಹೇಳಬೇಕಾಗಿಲ್ಲ, ಭಟ್ರದ್ದಂತೂ ಅಲ್ಲ. "ಎಂಥಾ ಮಾತು ಮಾರಾಯ, ನೆತ್ತಿ ಮೇಲೆ ಹೊಡೆದ ಹಾಗೆ!" ಎಂದು ಎಲ್ಲರಿಗೂ ತೋರಿಸಿದರು. ನಲವತ್ತೊಂದನೇ ಸೆಕೆಂಡಿನಿಂದ ನಾನು ಮುಂದುವರಿಸಿದೆ. ಇದೇ ಮನುಷ್ಯ ಪುಣೆಯ ಒಂದು ಆಶ್ರಮಕ್ಕೂ ಹೋಗಿದ್ದ ಭಟ್ರೇ, ಚಪ್ಪಲಿಯ ಜೊತೆ ಬುದ್ಧಿಯನ್ನೂ ಬಾಗಿಲಲ್ಲೇ ಬಿಡಿ ಎಂಬ ಬೋರ್ಡು ಅಲ್ಲಿತ್ತು ಎಂದು ಬರೆದು ನಮ್ಮ ಗುರುಗಳನ್ನೂ ಗೇಲಿ ಮಾಡಿದ್ದಾನೆ ಎಂದೆ. ಭಟ್ರು ಮೊಬೈಲು ಕಿಸೆಗೆ ಹಾಕಿಕೊಂಡರು. "ಅದು ಅವನಿಗೆ ಅರ್ಥ ಆಗದ ವಿಷಯ. ಅರ್ಥ ಆದ ವಿಷಯದ ಬಗ್ಗೆ ಮಾತ್ರ ನೀನು ಮಾತಾಡು."

ಕ್ರಿಶ್ಚಿಯನ್ನರಾದ ಪೊರ್ಬುಗಳಿಂದ ದೊಡ್ಡ ಗಲಾಟೆ ಬರುತ್ತದೆ ಎಂದು ನಾನು ಹೆದರಿದ್ದೆ. ಮದರ್ ತೆರೇಸಾ ಮೇಲೆ 1995ರಲ್ಲೇ ಪುಸ್ತಕ ಬರೆದವನಲ್ವಾ? ಅವರು ಸುಮ್ನೆ ನಕ್ಕರು. "ಅವನ ಸಾಕ್ಷಿಯನ್ನು ನಮ್ಮ ಚರ್ಚಿನವರೇ ಕರೆದು ಕೇಳಿದ್ದಾರೆ. ಎಲ್ಲಾ ಕೇಳಿ ಬರೆದುಕೊಂಡು, 2016ರಲ್ಲಿ ಸಂತ ಪದವಿ ಕೊಟ್ಟರು. ನಮಗೆಂಥ ತೊಂದರೆ?" ನಮ್ಮ ಪಂಚಾಯತಿನಲ್ಲಿ ರಸ್ತೆಯ ಅಹವಾಲು ಕೇಳುವುದೂ ಹೀಗೆಯೇ.

ಚಾ ತಂದ ಇಚ್ಚ (ಮುಸ್ಲಿಂ ಹಿರಿಯರನ್ನು ನಾವು ಹೀಗೆ ಕರೆಯುವುದು) ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಅವರು ಕಮಿಟಿಯಲ್ಲಿಲ್ಲ. ಇರಾಕ್ ಬಗ್ಗೆ ನಮ್ಮೂರಿನಲ್ಲಿ ಸ್ವಲ್ಪವಾದರೂ ಗೊತ್ತಿರುವವರು ಅವರೊಬ್ಬರೇ ಆದ ಕಾರಣ ಇರಬಹುದು. 1990ರ ಆಗಸ್ಟಿನಲ್ಲಿ ಸದ್ದಾಂ ಕುವೈತಿಗೆ ನುಗ್ಗಿದಾಗ ಅವರು ಅಲ್ಲಿದ್ದರು. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು, ಅಲ್ಲಿಂದ ವಿಮಾನ ಹತ್ತಿದ ಒಂದೂವರೆ ಲಕ್ಷಕ್ಕೂ ಜಾಸ್ತಿ ಭಾರತೀಯರಲ್ಲಿ ಒಬ್ಬರು. "ಸದ್ದಾಮನ ಬಗ್ಗೆ ಅವ ಹೇಳಿದ್ದು ಸರಿ" ಎಂದರು ಇಚ್ಚ. "ಅದಕ್ಕೆ ಬಾಂಬು ಹಾಕಿದ್ದು ಸರಿಯಲ್ಲ. ಮತ್ತೆ, ನನ್ನ ಪಡಚ್ಚೋನಿಗೆ, ದೇವರಿಗೆ, ಅವನ ಸರ್ಟಿಫಿಕೇಟು ಬೇಡ. ಭಾಷಣ ಇಡಿ, ಚಾ ನಾನು ಕೊಡ್ತೇನೆ." ಆ ದಿನ ಬಂದ ಒಂದೇ ನೆಟ್ಟಗಿನ ಅಭಿಪ್ರಾಯ ಅದು. ಮಿನಿಟ್ಸ್ ಪುಸ್ತಕದಲ್ಲಿ 'ಚಾ ವಿತರಿಸಲಾಯಿತು' ಎಂದು ದಾಖಲಾಯಿತು.

ಸದ್ದಾಮನೂ ನಮ್ಮ ರಾಜ್ಯಕ್ಕೆ ಹೊಸಬನೇನಲ್ಲ ಬಿಡಿ. ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ ಸದ್ದಾಂ ಬೀಚ್ ಎಂದೇ ಒಂದು ಕಡಲತೀರ ಇದೆ. ಸರ್ವಾಧಿಕಾರಿಗೆ ಒಂದು ಬೀಚ್ ಸಿಗುತ್ತದೆ. ಬರೆದು ಬದುಕಿದವನಿಗೆ ವಾಚನಾಲಯದಲ್ಲಿ ಅರ್ಧ ಗಂಟೆ ಸಿಗುವುದು ಕಷ್ಟ.

ನಾನೇನು ಹಿಚನ್ಸ್ ಭಕ್ತನಲ್ಲ. ಯುದ್ಧದ ವಿಷಯದಲ್ಲಿ ಆತ ಹೇಳಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಯಾವ ಆಯುಧಗಳ ಹೆಸರು ಹೇಳಿ ಇರಾಕಿಗೆ ನುಗ್ಗಿದರೋ ಅವು ಸಿಗಲೇ ಇಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಒಬ್ಬ ಹುಡುಗನ ಕಥೆ. ಹಿಚನ್ಸ್ ಬರೆದದ್ದನ್ನು ಓದಿ, ಇದು ನ್ಯಾಯದ ಯುದ್ಧ ಎಂದು ನಂಬಿ ಅಮೆರಿಕದ ಸೈನ್ಯಕ್ಕೆ ಸೇರಿದ. 2007ರಲ್ಲಿ ಇರಾಕಿನಲ್ಲಿ ಸತ್ತ. ಹಿಚನ್ಸ್ ಆ ಮನೆಯವರನ್ನು ಹುಡುಕಿಕೊಂಡು ಹೋದ, ಬೂದಿ ಬಿಡುವಾಗ ಅವರ ಜೊತೆ ಕಡಲ ದಡದಲ್ಲಿ ನಿಂತ, ಅದನ್ನೂ ಬರೆದ. ನನ್ನ ಮಾತಿಗೆ ಒಬ್ಬ ಸತ್ತನೇ ಎಂದು ತನ್ನನ್ನೇ ಕೇಳಿಕೊಂಡ. ಯುದ್ಧ ತಪ್ಪು ಎಂದು ಮಾತ್ರ ಹೇಳಲಿಲ್ಲ. ಅಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ಸುಮ್ನೆ ನಿಂತಿದ್ದೇನೆ.

ಆದರೆ ಇನ್ನೊಂದೂ ಇದೆ. ನೀರು ಹೊಯ್ದು ಉಸಿರು ಕಟ್ಟಿಸುವ ವಿಚಾರಣೆ ಹಿಂಸೆಯೇ ಅಲ್ಲ ಎಂದು ಯುದ್ಧದ ಪರ ಇದ್ದವರು ವಾದಿಸುತ್ತಿದ್ದಾಗ, 2008ರಲ್ಲಿ ಆತ ಅದನ್ನು ತನ್ನ ಮೇಲೇ ಮಾಡಿಸಿಕೊಂಡ. ಕೆಲವು ಸೆಕೆಂಡಿಗೇ ಸಾಕು ಎಂದ. ಎದ್ದು ಬಂದು, ಇದು ಹಿಂಸೆಯೇ ಎಂದು ಬರೆದ. ಟಿವಿಯಲ್ಲಿ ದಿನಾ ಯುದ್ಧ ಮಾಡುವ ನಮ್ಮ ವೀರರಲ್ಲಿ ಒಬ್ಬರಾದರೂ ಮುಖಕ್ಕೆ ಒಂದು ಚೊಂಬು ನೀರು ಹೊಯ್ಸಿಕೊಂಡಾರೇ?

ದೇವರ ವಿಷಯದಲ್ಲೂ ನನ್ನ ತಕರಾರು ಇದೆ. ಧರ್ಮ ಮುಟ್ಟಿದ್ದೆಲ್ಲ ವಿಷ ಎನ್ನುತ್ತಾನೆ ಆತ. ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಆಲಿ ತೆಯ್ಯ ಎಂಬ ದೈವದ ಕೋಲ ನೋಡಿದವನು ಇದನ್ನು ಪೂರ್ತಿ ಒಪ್ಪಲಾರ. ಹೆಸರು ಮುಸಲ್ಮಾನನದು, ಕ್ಷೇತ್ರ ಹಿಂದೂಗಳದು, ಕೈಮುಗಿಯುವವರು ಎರಡೂ ಕಡೆಯವರು. ಆದರೆ ಆ ಆಲಿ ಸತ್ತದ್ದು ಹೇಗೆ ಎಂದು ಹಿಚನ್ಸ್ ಕೇಳಿದ್ದರೆ ನಾನು ಮಾತು ತಿರುಗಿಸಬೇಕಾಗುತ್ತಿತ್ತು. ಅದೂ ನನಗೆ ಗೊತ್ತು.

ಇರಲಿ. ಸಭೆ ಮುಂದುವರಿಯಿತು. ಇರಾಕ್ ಯುದ್ಧಕ್ಕೆ ಹತ್ತು ನಿಮಿಷ, ದೇವರಿಗೆ ಹದಿನೈದು ನಿಮಿಷ, ಬ್ಯಾನರಿನಲ್ಲಿ ಕನ್ನಡ ಮೇಲೋ ಮಲಯಾಳ ಮೇಲೋ ಎಂಬುದಕ್ಕೆ ಮುಕ್ಕಾಲು ಗಂಟೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಹೊತ್ತಿಕೊಂಡಿರುವ ಪ್ರಶ್ನೆ, ಅವಸರ ಮಾಡುವ ಹಾಗಿಲ್ಲ. ಕೊನೆಗೆ ಪಕ್ಕಪಕ್ಕದಲ್ಲಿ ಎಂದಾಯಿತು. ಎಡಕ್ಕೆ ಯಾವುದು ಎಂಬುದನ್ನು ಉಪಸಮಿತಿಗೆ ಬಿಟ್ಟರು.

ಫೋಟೋದಲ್ಲಿ ಆತನ ಕೈಯಲ್ಲಿ ವಿಸ್ಕಿ ಗ್ಲಾಸಿತ್ತು. ಮಕ್ಕಳು ಬರುವ ಜಾಗ ಎಂದು ಅದನ್ನು ಕತ್ತರಿಸಿದರು. ಇನ್ನೊಂದು ಕೈಯಲ್ಲಿ ಸಿಗರೇಟು. ಬ್ಯಾನರಿನ ಹುಡುಗ ಕಂಪ್ಯೂಟರಿನಲ್ಲಿ ಅದನ್ನು ಅಳಿಸಿದ. ಎತ್ತಿದ ಎರಡು ಬೆರಳು ಮಾತ್ರ ಉಳಿದವು. ಹಿಂದಿನ ದೀಪದ ಬೆಳಕು ತಲೆಯ ಸುತ್ತ ದುಂಡಗೆ ಬಿದ್ದಿತ್ತು, ಅದನ್ನು ಯಾರೂ ಅಳಿಸಲಿಲ್ಲ. ಇಷ್ಟೆಲ್ಲ ಆಗಿ ಬ್ಯಾನರು ಬಂದ ಮರುದಿನವೇ ಭಾಷಣ ರದ್ದಾಯಿತು. 'ಒಮ್ಮತ ಮೂಡದ ಕಾರಣ' ಎಂದು ಮಿನಿಟ್ಸ್ ಹೇಳುತ್ತದೆ. ಬದಲಿಗೆ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಮಾಹಿತಿ ಶಿಬಿರ ನಡೆಯಿತು. ರೋಗದ ವಿರುದ್ಧ ಎಲ್ಲರದ್ದೂ ಒಮ್ಮತ.

ಅದೇ ವಾರ ಭಜನಾ ಮಂದಿರದಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಪಾತ್ರದ ಅರ್ಥ ಹೇಳುವ, ಮಾತಿನದೇ ಯಕ್ಷಗಾನ. ಪ್ರಸಂಗ ವಾಲಿವಧೆ. ನಮ್ಮ ಇಡೀ ಕಮಿಟಿ ಮುಂದಿನ ಸಾಲಿನಲ್ಲಿ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳಲು ಶುರುಮಾಡಿದ. ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ನಾನು ನಿನಗೆ ಏನು ಅನ್ಯಾಯ ಮಾಡಿದ್ದೆ? ಇನ್ನೊಬ್ಬರ ಮನೆಯ ಜಗಳಕ್ಕೆ ನಿನ್ನ ಬಿಲ್ಲು ಯಾಕೆ ಬಂತು? ಮುಕ್ಕಾಲು ಗಂಟೆ ದೇವರಿಗೆ ಉಸಿರಾಡಲು ಬಿಡಲಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದ ಸೀಮೆ ನಮ್ಮದು, ಇಲ್ಲಿ ವಾಲಿಗೆ ಸಲೀಸಾಗಿ ಚಪ್ಪಾಳೆ ಬೀಳುವುದಿಲ್ಲ. ಅವತ್ತು ಬಿತ್ತು. ಭಟ್ರು ಶಲ್ಯದಿಂದ ಕಣ್ಣೊರಸಿಕೊಂಡರು. ಸಖಾವು ಎದ್ದು ಹೋಗಿ ಐನೂರು ರೂಪಾಯಿ ಕೊಟ್ಟು ಬಂದರು. ಮುಗಿದ ಮೇಲೆ ಎಲ್ಲರೂ ಮಂಗಳಾರತಿ ತೆಗೆದುಕೊಂಡೆವು, ವಾಲಿಯ ಅರ್ಥ ಹೇಳಿದವರೂ ಸೇರಿ. ಮುಂದಿನ ವಾರ ಅವರದೇ ಕೌರವ, ಸೂಜಿಮೊನೆಯಷ್ಟೂ ಕೊಡೆನು ಎಂದು ಯುದ್ಧ ಕೇಳುವವನು. ಅದಕ್ಕೂ ಮುಂದಿನ ಸಾಲಿನ ಕುರ್ಚಿಗಳು ಅವತ್ತೇ ಬುಕ್ ಆದವು.

ವಾಪಸು ಬರುವಾಗ ಟಾರ್ಚಿನ ಬೆಳಕಿನಲ್ಲಿ ಭಟ್ರನ್ನು ಕೇಳಿದೆ. "ದೇವರನ್ನು ಇಷ್ಟು ಬೈದವರಿಗೆ ಚಪ್ಪಾಳೆ ಹೊಡೆದಿರಲ್ಲ ಭಟ್ರೇ?"

"ಅದು ಬೇರೆ, ಇದು ಬೇರೆ ಮಾರಾಯ."

"ಹೇಗೆ ಬೇರೆ?"

"ಅಲ್ಲಿ ಎದುರಿಗೆ ರಾಮ ಇದ್ದ. ಉತ್ತರ ಕೊಟ್ಟ."

ಇದಕ್ಕೆ ನನ್ನಲ್ಲಿ ಉತ್ತರ ಇತ್ತು. ಹಿಚನ್ಸ್ ಎದುರಿಗೂ ಯಾವಾಗಲೂ ಯಾರಾದರೂ ಇದ್ದರು. 2010ರಲ್ಲಿ ಕ್ಯಾನ್ಸರಿನ ಔಷಧಿಗೆ ಕೂದಲು ಉದುರಿದ ತಲೆಯಲ್ಲೇ ಟೊರಾಂಟೋದಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಜೊತೆ ಧರ್ಮದ ಬಗ್ಗೆ ವಾದಕ್ಕೆ ಕೂತ. ಯುದ್ಧದಲ್ಲಿ ಇಬ್ಬರೂ ಒಂದೇ ಕಡೆ, ದೇವರಲ್ಲಿ ಎದುರುಬದುರು. ಸ್ವಂತ ತಮ್ಮ ಪೀಟರ್ ದೇವರನ್ನು ನಂಬುವವನು, ಯುದ್ಧ ಬೇಡ ಎಂದವನು. ಅವನ ಜೊತೆಯೂ ವೇದಿಕೆ ಹತ್ತಿದ. ಹಾಗೆಂದು ಆತನೂ ದೊಡ್ಡ ಸಹನಾಮೂರ್ತಿಯೇನಲ್ಲ. ಯುದ್ಧದ ಜಗಳದಲ್ಲಿ ಇಪ್ಪತ್ತು ವರ್ಷ ಬರೆದ ಪತ್ರಿಕೆಯನ್ನೇ 2002ರಲ್ಲಿ ಬಿಟ್ಟು ಹೋದ. ಇಷ್ಟು ಹೇಳುವಷ್ಟರಲ್ಲಿ ಭಟ್ರ ಗೇಟು ಬಂತು.

ಬ್ಯಾನರಿನ ದುಡ್ಡು ನನ್ನ ತಲೆಗೇ ಬಂತು, ಹಾಗಾಗಿ ಬ್ಯಾನರನ್ನು ಮನೆಗೆ ತಂದೆ. ಮಳೆಗಾಲಕ್ಕೆ ಕೊಟ್ಟಿಗೆ ಬದಿಯ ಕಟ್ಟಿಗೆ ರಾಶಿಗೆ ಹೊದಿಸಿದ್ದೇನೆ, ಒಂದು ತೊಟ್ಟೂ ಸೋರುವುದಿಲ್ಲ. ಮೊನ್ನೆ ಪುತ್ತೂರಿನಿಂದ ಬಂದ ಅತ್ತೆ ಹಟ್ಟಿಗೆ ಹೋಗುವಾಗ ಅಲ್ಲಿ ನಿಂತರು. ಪ್ರಭಾವಳಿ ನೋಡಿದರು, ಎತ್ತಿದ ಎರಡು ಬೆರಳು ನೋಡಿದರು. ಚಪ್ಪಲಿ ಕಳಚಿ ಕೈಮುಗಿದು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಇವರು ಯಾವ ಮಠದ ಸ್ವಾಮಿಗಳು?"