ಎಂಟನೇ ಫಾರಂ

ಕೋಲಾರದಲ್ಲಿ ಈಗ ಬದಲಾಗದೆ ಉಳಿದಿರುವ ಮನುಷ್ಯ ಸಿಗುವುದು ಕಷ್ಟ. ಕ್ಲಾಕ್ ಟವರ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟವರು ಬದಲಾಗಿದ್ದಾರೆ. ಕಲ್ಯಾಣ ಮಂಟಪ ಕಟ್ಟಿಸಿದವರು ಬದಲಾಗಿದ್ದಾರೆ. ಜಲ್ಲಿ ಕ್ರಷರ್ ಇಟ್ಟುಕೊಂಡು ಒಂದೂವರೆ ಬೆಟ್ಟವನ್ನು ಲಾರಿಗೆ ತುಂಬಿಸಿ ಮುಗಿಸಿರುವ ಯಜಮಾನರೊಬ್ಬರು ಮೊನ್ನೆ ಮೈಕು ಹಿಡಿದು, "ಈ ಕಾದಂಬರಿ ಓದಿದ ಮೇಲೆ ಕಲ್ಲಿಗೂ ಜೀವ ಐತೆ ಅನ್ನಿಸಿಬಿಡ್ತು" ಅಂದರು. ಗಂಟಲು ಕಟ್ಟಿತ್ತು. ವೇದಿಕೆ ಇಳಿದು ಚಪ್ಪಲಿ ಹುಡುಕುತ್ತಲೇ ಫೋನಿನಲ್ಲಿ, "ಬ್ಲಾಸ್ಟಿಂಗ್ ಎರಡು ಗಂಟೆಗೇ ಮುಗಿಸ್ರೋ, ಲೇಟ್ ಮಾಡ್ಬೇಡಿ" ಅಂದದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು.

ಇಷ್ಟಕ್ಕೂ ಕಾರಣ ಸಾಹೇಬರ ಚೊಚ್ಚಲ ಕಾದಂಬರಿ. ಸಾಹೇಬರು ಅಂದರೆ ಯಾರು ಅಂತ ನಮ್ಮೂರಿನವರು ಕೇಳುವುದಿಲ್ಲ, ಹೊರಗಿನವರಿಗೆ ನಾನು ಹೇಳುವುದಿಲ್ಲ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ ಅನ್ನುವುದು ಮಾತ್ರ ನೆನಪಿಟ್ಟುಕೊಳ್ಳಿ. ಕೃತಿಯ ವಸ್ತು, ವ್ಯಕ್ತಿಯ ಪರಿವರ್ತನೆ, ತನ್ಮೂಲಕ ಜಗತ್ತಿನ ಪರಿವರ್ತನೆ. 304 ಪುಟ, 350 ರೂಪಾಯಿ, ಸಾವಿರ ಪ್ರತಿ.

ಕಥೆ ಇಷ್ಟು. ನಾಯಕ ಮೀಟರ್ ಬಡ್ಡಿ ವ್ಯವಹಾರದವನು. ತಾಯಿಯನ್ನು ಮನೆಯಿಂದ ಹೊರಗೆ ಹಾಕಿದವನು. ಒಂದು ದಿನ ಅಂತರಗಂಗೆ ಬೆಟ್ಟ ಹತ್ತುತ್ತಾನೆ, ಬಸವನ ಬಾಯಿಂದ ಬೀಳುವ ನೀರಿಗೆ ಬೊಗಸೆ ಒಡ್ಡುತ್ತಾನೆ. ಮುಂದೆ ವಿಶ್ವಸಂಸ್ಥೆಯಲ್ಲಿ ಕನ್ನಡದಲ್ಲೇ ಭಾಷಣ ಮಾಡುತ್ತಾನೆ. 193 ದೇಶಗಳ ಪ್ರತಿನಿಧಿಗಳು ಎದ್ದು ನಿಂತು ಕಣ್ಣೊರೆಸಿಕೊಳ್ಳುತ್ತಾರೆ, ಸೈನಿಕರು ಬಂದೂಕು ಬಿಟ್ಟು ಸಸಿ ನೆಡುತ್ತಾರೆ, ಕೊನೆಯ ಪುಟದಲ್ಲಿ ಪಾಲಾರ್ ನದಿ ದಡ ಮೀರಿ ಹರಿಯುತ್ತದೆ. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆಯಲ್ಲಿ ಕೂತು ಹೀಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ ಬೆನ್ನುಡಿ ನನ್ನದೇ. ಮೊದಲ ಎರಡು ಪುಟ, ಕೊನೆಯ ಪುಟ, ನಡುವೆ ಸಾಹೇಬರು ವಾಟ್ಸಾಪಿನಲ್ಲಿ ಕಳಿಸಿದ ಸಾರಾಂಶ. ಬೆನ್ನುಡಿಗೆ ಅಷ್ಟು ಸಾಕು. ಮೂವತ್ತೊಂದು ವರ್ಷ ಕನ್ನಡ ಮೇಷ್ಟ್ರಾಗಿದ್ದವನಿಗೆ ಹೂರಣ ನೋಡದೆ ಹೋಳಿಗೆ ಹೊಗಳುವುದು ಬರುತ್ತದೆ.

ಬಿಡುಗಡೆ ರಂಗಮಂದಿರದಲ್ಲಿ. ಹೊರಗೆ ಚೌಚೌ ಬಾತ್, ಒಳಗೆ ಏಳು ಜನ ಭಾಷಣಕಾರರು. ಒಬ್ಬರು ಆಳದ ಮಾತು ಎತ್ತಿದರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಈ ಕೃತಿ ಅದಕ್ಕಿಂತ ಆಳ ಅಂದರು. ಕೊನೆಕೊನೆಗೆ ಒಂದು ಟನ್ ಅದಿರು ಪುಡಿ ಮಾಡಿದರೆ ಕೆಲವೇ ಗ್ರಾಂ ಚಿನ್ನ ಸಿಕ್ಕುತ್ತಿತ್ತು, ಖರ್ಚು ಗಿಟ್ಟದೆ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು ಅನ್ನುವುದನ್ನು ಅವರು ಹೇಳಲಿಲ್ಲ, ಸಮಯದ ಅಭಾವ. ಇನ್ನೊಬ್ಬರು, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿ ಮಾಸ್ತಿಯವರನ್ನು ಕೊಟ್ಟಿತು, ಮುಳಬಾಗಿಲು ಡಿವಿಜಿಯವರನ್ನು ಕೊಟ್ಟಿತು, ಕೋಲಾರ ಟೌನಿನ ಕೊರಗು ಇವತ್ತಿಗೆ ನೀಗಿತು ಅಂದರು. ಮಾಸ್ತಿಯವರೂ ಸರ್ಕಾರಿ ಅಧಿಕಾರಿಯೇ ಆಗಿದ್ದರು ಅಂತ ನೆನಪು ಮಾಡಿಕೊಟ್ಟರು. 1983ರ ಜ್ಞಾನಪೀಠ ಬರುವ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು, ಸಾಹೇಬರನ್ನು ಅಷ್ಟು ಕಾಯಿಸಬಾರದು, ಸರ್ವೀಸಿನಲ್ಲಿ ಇರುವಾಗಲೇ ಕೊಡಬೇಕು ಅಂತ ಒತ್ತಾಯಿಸಿದರು. ಚಪ್ಪಾಳೆ.

ಸರ್ವೀಸಿನಲ್ಲಿ ಇರುವಾಗಲೇ ಅನ್ನುವುದರಲ್ಲಿದೆ ನೋಡಿ ಗುಟ್ಟು.

ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು ಅಂತ ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ನಮ್ಮ ಸಾಹೇಬರಿಗೆ ಆ ಕಷ್ಟ ಬರಲಿಲ್ಲ. ಹೊರುವವರು ತಾವೇ ಕಚೇರಿಗೆ ಬಂದರು. ಒಬ್ಬರು ಐವತ್ತು, ಒಬ್ಬರು ನೂರು. ಯಾಕೆಂದರೆ ಸಾಹೇಬರ ಮೇಜಿನ ಮೇಲೆ ಓಡಾಡುವ ಫೈಲಿನ ಹೆಸರೂ ಪರಿವರ್ತನೆಯೇ. ಭೂ ಪರಿವರ್ತನೆ. 1964ರ ಭೂ ಕಂದಾಯ ಕಾಯ್ದೆ, ಸೆಕ್ಷನ್ 95. ಜನರ ಬಾಯಲ್ಲಿ ಕನ್ವರ್ಷನ್. ರಾತ್ರಿ ರಾಗಿ ಹೊಲವಾಗಿ ಮಲಗಿದ್ದು ಬೆಳಿಗ್ಗೆ ಎದ್ದಾಗ ಲೇಔಟ್ ಆಗಿರುತ್ತದೆ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದು, ಮಾಲೂರು, ಬಂಗಾರಪೇಟೆ ಮೇಲೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಪರಿವರ್ತನೆ ಬಯಸದ ಆತ್ಮವೇ ಇಲ್ಲ.

ಹೀಗೆ ಗೊತ್ತಾದ ಮೇಲೆ ಓದುಗರ ಅಭಿಪ್ರಾಯಗಳನ್ನು ಇನ್ನೊಂದು ಸಲ ಓದಿ ನೋಡಿ. "ಸಾಹೇಬರ ಪರಿವರ್ತನೆಗಾಗಿ ಆರು ತಿಂಗಳಿಂದ ಹಗಲಿರುಳು ಕಾದಿದ್ದೆ." "ಕೈಗೆ ಬಂದ ದಿನ ಮನೆಯವರೆಲ್ಲ ಸೇರಿ ಕೋಲಾರಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿದೆವು." ಖಾಸಗಿ ಶಾಲೆ ನಡೆಸುವವರೊಬ್ಬರು ಭಾವುಕರಾಗಿ, "ನಮ್ಮ ತಂದೆಯವರ ಕಾಲದಿಂದ ಆಗದೆ ಇದ್ದ ಪರಿವರ್ತನೆ ಸಾಹೇಬರ ಪೆನ್ನಿನಿಂದ ಆಯಿತು, ಎರಡು ಎಕರೆ ಹತ್ತು ಗುಂಟೆ" ಅಂದುಬಿಟ್ಟರು. ನಿರೂಪಕಿ ಜಾಣೆ, ತಕ್ಷಣ ಭಾವಗೀತೆ ಹಾಡಿಸಿದಳು.

ಲಂಚ ಅಂತ ಮಾತ್ರ ಯಾರೂ ಅನ್ನಬೇಡಿ. ಕನ್ನಡ ಪುಸ್ತಕ ಕೊಳ್ಳುವುದು ಯಾವ ಕಾಯ್ದೆಯಲ್ಲಿ ಅಪರಾಧ? ರಸೀದಿ ಕೊಡುತ್ತಾರೆ, ಶೇಕಡಾ ಹತ್ತು ರಿಯಾಯಿತಿಯೂ ಇದೆ. (ನನ್ನ ತಮ್ಮನದ್ದೂ ಹದಿನೈದು ಗುಂಟೆಯ ಫೈಲು ಒಂದು ಅಲ್ಲಿದೆ. ಬೆನ್ನುಡಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನನ್ನ ಹೆಂಡತಿಯ ಹತ್ತಿರವೇ ಹೇಳಿ ಸೋತಿದ್ದೇನೆ.)

ಊರಲ್ಲಿ ನಿಜವಾದ ವಿಮರ್ಶೆ ಅಂತ ಬಂದದ್ದು ಒಂದೇ. ನೀರಾವರಿ ಹೋರಾಟದ ಹಿರಿಯರೊಬ್ಬರಿದ್ದಾರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗಿನಿಂದ, ಮೂರನೇ ಹಂತವನ್ನೂ ಮಾಡಿ ಕಳಿಸಿ ಅಂತ ಅರ್ಜಿ ಬರೆಯುತ್ತಲೇ ಇರುವವರು. ಕಾದಂಬರಿ ಹೇಗಿದೆ ಸ್ವಾಮಿ ಅಂದೆ. "ಮೊದಲನೇ ಹಂತ ಆಗೈತೆ. ದಪ್ಪದಪ್ಪ ಕಸ ತೆಗ್ದವ್ರೆ" ಅಂದರು. ಅದನ್ನು ಅಭಿನಂದನಾ ಪುಸ್ತಿಕೆಗೆ ಸೇರಿಸಿಕೊಳ್ಳಲಿಲ್ಲ.

ಹೌದು, ಅಭಿನಂದನಾ ಪುಸ್ತಿಕೆ. ಓದುಗರ ಅಭಿಪ್ರಾಯಗಳನ್ನೆಲ್ಲ ಸೇರಿಸಿ ಪುಸ್ತಿಕೆ ತರುವ ಹೊಣೆಯೂ ನನ್ನ ತಲೆಗೇ ಬಂತು. ನಲವತ್ತು ಅಭಿಪ್ರಾಯ ಸಿಕ್ಕಿದ್ದವು. ನಲವತ್ತೊಂದನೆಯದು ಟೊಮೆಟೊ ಮಂಡಿಯ ಮಾಲೀಕರದ್ದು. ವೇಮಗಲ್ ಕಡೆ ಮೂರು ಎಕರೆ, ಐವತ್ತು ಪ್ರತಿ.

ಎಪಿಎಂಸಿ ಯಾರ್ಡಿಗೆ ನಾನು ಹೋದಾಗ ಹರಾಜು ಮುಗಿದಿತ್ತು. ಲಾರಿಗೆ ಕ್ರೇಟು ಏರುತ್ತಿದ್ದವು, ನೆಲವೆಲ್ಲ ಜಾರುವ ಕೆಂಪು. ಮಾಲೀಕರು ಇರಲಿಲ್ಲ. ಗುಮಾಸ್ತನಿದ್ದ. ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ಪಾಸಾಗಿ ಕನ್ನಡದಲ್ಲಿ ಫೇಲಾದವನು, ಮನೆಮಾತು ತೆಲುಗು, ನಾನೇ ಫೇಲು ಮಾಡಿದ್ದು. ಎದುರಿಗೆ ಒಬ್ಬ ರೈತನ ಕ್ರೇಟು. ಹದಿನೈದು ಕೆಜಿ. ಮೇಲೆ ಸಾಲಾಗಿ ಜೋಡಿಸಿದ ಹಣ್ಣು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಇವನು ಅದನ್ನು ನೋಡಲೇ ಇಲ್ಲ. ತೋಳು ಮಡಿಸಿ, ಮೊಣಕೈವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಹಣ್ಣು ಎತ್ತಿ, ಒತ್ತಿ ನೋಡಿ, ವಾಪಸ್ ಹಾಕಿ ರೇಟು ಬರೆದ. 2023ರ ಜುಲೈನಲ್ಲಿ ಇದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗಲೂ ಹೀಗೇ ಮಾಡಿರುತ್ತಾನೆ, ರಸ್ತೆಗೆ ಸುರಿದ ವರ್ಷವೂ ಹೀಗೇ.

ಆಮೇಲೆ ಕೈ ಒರೆಸಿಕೊಂಡು ಮೇಜಿನ ಕೆಳಗಿನಿಂದ ಕಾದಂಬರಿ ತೆಗೆದ.

"ಮೇಷ್ಟ್ರೇ, ಇದು ಲೆಕ್ಕ ತಾಳೆ ಆಗ್ತಾ ಇಲ್ಲ."

"ಯಾವ ಲೆಕ್ಕಾನೋ?"

"112 ಆದ್ಮೇಲೆ ತಿರ್ಗಾ 97 ಬಂದೈತೆ. ಅಲ್ಲಿಂದ 112. ಅದಾದ್ಮೇಲೆ ಸೀದಾ 129. ಹದಿನಾರು ಪೇಜು ಶಾರ್ಟೇಜು."

ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಟ್ಟಿದ್ದ. ಒಂದು ಪುಸ್ತಕ ಹಾಳು ಬಂದಿರಬೇಕು ಅಂತ ಇನ್ನೊಂದು ಬಿಚ್ಚಿ ನೋಡಿದ್ದಾನೆ, ಮತ್ತೊಂದು, ಮಗದೊಂದು. ಐದೈದರ ಹತ್ತು ಕಟ್ಟು. ಐವತ್ತೂ ಹಾಗೇ.

ಮನೆಗೆ ಬಂದು ನನ್ನ ಪ್ರತಿ ನೋಡಿದೆ. ಹಾಗೇ. ಪ್ರೆಸ್ಸಿನವರ ಭಾಷೆಯಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. 97ರಿಂದ 112 ಏಳನೇ ಫಾರಂ, 113ರಿಂದ 128 ಎಂಟನೆಯದು. ಎಂಟನೇ ಫಾರಂ ಓಡಿಸಬೇಕಾದ ದಿನ ಏಳರ ಪ್ಲೇಟನ್ನೇ ಮತ್ತೆ ಮಿಷಿನ್‌ಗೆ ಹಾಕಿ ಸಾವಿರವನ್ನೂ ಓಡಿಸಿಬಿಟ್ಟಿದ್ದಾರೆ. ಅಂದರೆ ಎಂಟನೇ ಫಾರಂ ಈ ಭೂಮಿಯ ಮೇಲೆ ಅಚ್ಚೇ ಆಗಿಲ್ಲ. ಪುಸ್ತಕ ಬಿಡುಗಡೆಯಾಗಿ ಆಗಲೇ ಮೂರು ತಿಂಗಳಾಗಿತ್ತು.

ಏಳನೇ ಫಾರಂ ಮುಗಿಯುವಾಗ ನಾಯಕ ಬೊಗಸೆ ಒಡ್ಡಿ ನಿಂತಿದ್ದಾನೆ, ಇನ್ನೂ ಪಾಪಿ. 129ನೇ ಪುಟದ ಮೊದಲ ಸಾಲಿನಲ್ಲಿ ನ್ಯೂಯಾರ್ಕಿನಲ್ಲಿದ್ದಾನೆ, ಮಹಾತ್ಮ. ಇಡೀ ಪರಿವರ್ತನೆ ಆದದ್ದು ಎಂಟನೇ ಫಾರಮ್ಮಿನಲ್ಲಿ.

ರಾತ್ರಿ ನಲವತ್ತು ಅಭಿಪ್ರಾಯಗಳನ್ನು ಮುಂದೆ ಹರಡಿಕೊಂಡು ಕೂತೆ. "120ನೇ ಪುಟದಲ್ಲಿ ನಾಯಕ ತಾಯಿಯ ಕಾಲು ಹಿಡಿಯುವ ಸನ್ನಿವೇಶ ಓದಿ ಮೂರು ದಿನ ಅನ್ನ ಸೇರಲಿಲ್ಲ", ಹಾರ್ಡ್‌ವೇರ್ ಅಂಗಡಿಯವರು. "ಒಂದೇ ಗುಕ್ಕಿಗೆ ಓದಿದೆ, ಎಲ್ಲೂ ಕೊಂಡಿ ಕಳಚಿಲ್ಲ", ಕಲ್ಯಾಣ ಮಂಟಪ. ಹದಿನೆಂಟು ಜನ ನಾಯಕ ಬದಲಾಗುವ ಗಳಿಗೆಯನ್ನೇ ಹೆಸರಿಸಿ ಹೊಗಳಿದ್ದರು. ಒಬ್ಬರಿಗೆ ಅದು ಬೆಳಗಿನ ಜಾವ ನಡೆದಂತೆ ಕಂಡಿದೆ, ಇನ್ನೊಬ್ಬರಿಗೆ ಮಳೆಯಲ್ಲಿ, ಮತ್ತೊಬ್ಬರಿಗೆ ಕೋತಿಯೊಂದು ಬಂದು ಬಾಳೆಹಣ್ಣು ಕಿತ್ತುಕೊಂಡಾಗ. ಕೋತಿಯದ್ದು ನನಗೂ ಹಿಡಿಸಿತು. ಸಾಹೇಬರಿಗೆ ಹೊಳೆದಿರಲಾರದು.

ಉಪನ್ಯಾಸಕರೊಬ್ಬರು ಮಾತ್ರ, "ನಡುಭಾಗದಲ್ಲಿ ಹದಿನಾರು ಪುಟಗಳು ಯಥಾವತ್ ಮರುಕಳಿಸುವುದು ಚಕ್ರೀಯ ಕಾಲದ ದಿಟ್ಟ ಪ್ರಯೋಗ" ಅಂತ ಬರೆದಿದ್ದರು. ಇವರು ಓದಿದ್ದಾರೆ, ಪಾಪ. ಓದಿ, ಪ್ರಿಂಟಿಂಗ್ ತಪ್ಪನ್ನು ತಪ್ಪು ಅನ್ನುವುದಕ್ಕೆ ಧೈರ್ಯ ಸಾಲದೆ ಅದಕ್ಕೊಂದು ಹೆಸರಿಟ್ಟಿದ್ದಾರೆ. ಅವರದ್ದು ಟೇಕಲ್ ಹತ್ತಿರ ಒಂದು ಎಕರೆ.

ಕೊನೆಗೆ ಪುಸ್ತಕ ತಿರುಗಿಸಿ ನನ್ನ ಬೆನ್ನುಡಿ ಓದಿಕೊಂಡೆ. "ಮನುಷ್ಯ ಬದಲಾಗುವ ಆ ಒಂದು ಕ್ಷಣವನ್ನು ಕನ್ನಡದಲ್ಲಿ ಇಷ್ಟು ಸಮರ್ಥವಾಗಿ ಹಿಡಿದವರು ಇನ್ನೊಬ್ಬರಿಲ್ಲ." ದೀಪ ಆರಿಸಿ ಮಲಗಿದೆ.

ಮಾರನೇ ದಿನ ಸಾಹೇಬರ ಮನೆಗೆ ಹೋದೆ. ಹೇಗೆ ಹೇಳುವುದೋ ಗೊತ್ತಾಗದೆ ಪುಸ್ತಕವನ್ನು 112ನೇ ಪುಟಕ್ಕೆ ತೆರೆದು ಎದುರಿಗೆ ಇಟ್ಟೆ. ಅವರು ಹಾಳೆ ತಿರುಗಿಸಿದರು, 97 ಬಂತು. ಹಿಂದಕ್ಕೆ ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಚ್ಚಾದ ಮೇಲೆ ಅವರೂ ಪುಸ್ತಕ ತೆರೆದದ್ದು ಅದೇ ಮೊದಲು ಅಂತ ಮುಖ ಹೇಳುತ್ತಿತ್ತು. ಸಹಿ ಹಾಕಿ ಕೊಡುವಾಗ ಮೊದಲ ಹಾಳೆ ತೆರೆದಿರುತ್ತಾರೆ, ಫೈಲಿನಲ್ಲಿ ಕೊನೆಯ ಹಾಳೆ ತೆರೆಯುವ ಹಾಗೆ.

"ಯಾರು ನೋಡಿದ್ದು ಇದನ್ನ?"

"ಟೊಮೆಟೊ ಮಂಡಿ ಗುಮಾಸ್ತ, ಸಾರ್."

"ಅವನ ಜಮೀನು ಎಲ್ಲಿ ಬರುತ್ತೆ?"

"ಅವನಿಗೆ ಜಮೀನಿಲ್ಲ ಸಾರ್."

"ಅದಕ್ಕೇ," ಅಂದರು.

ಒಳಗಿನಿಂದ ಕಾಫಿ ಬಂತು. ಕಾಫಿ ಮುಗಿಯುವಷ್ಟರಲ್ಲಿ ಸಾಹೇಬರು ಸಾಹೇಬರಾಗಿದ್ದರು. ಎರಡನೇ ಮುದ್ರಣದಲ್ಲಿ ನೋಡೋಣ, ಗ್ರಂಥಾಲಯಕ್ಕೆ ಪ್ರತಿ ಹೋಗಿದೆ, ಆಯ್ಕೆ ಆಗುವವರೆಗೆ ಬಾಯಿ ಬಿಡಬೇಡಿ, ಪುಸ್ತಿಕೆ ಕೆಲಸ ನಿಲ್ಲಿಸಬೇಡಿ ಅಂದರು. ಆ ಉಪನ್ಯಾಸಕರ ಅಭಿಪ್ರಾಯವನ್ನು ಮೊದಲ ಪುಟಕ್ಕೇ ಹಾಕಿ ಅಂದರು. ಎದ್ದು ಹೊರಡುವಾಗ ಕುತೂಹಲಕ್ಕೆ ಕೇಳಿದೆ, ಆ ಹದಿನಾರು ಪುಟದಲ್ಲಿ ಏನಾಗುತ್ತೆ ಸಾರ್, ಅವನು ಬದಲಾಗೋದು ಹೇಗೆ? ಸಾಹೇಬರು ಫ್ಯಾನನ್ನು ನೋಡಿದರು. ಬರೆದು ಎರಡು ವರ್ಷ ಆಯಿತಂತೆ. ಡಿಟಿಪಿ ಮಾಡಿದ ಹುಡುಗ ಕೆಲಸ ಬಿಟ್ಟು ಹೋಗಿದ್ದಾನಂತೆ. "ಓದುಗರ ಊಹೆಗೂ ಒಂದಿಷ್ಟು ಬಿಡಬೇಕು ಮೇಷ್ಟ್ರೇ" ಅಂದರು.

ತಮ್ಮನ ಹದಿನೈದು ಗುಂಟೆ ಮುಂದಿನ ವಾರ ಪರಿವರ್ತನೆ ಆಯಿತು.

ಮೊನ್ನೆ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಗುಮಾಸ್ತ ಸಿಕ್ಕಿದ. ಸೈಕಲ್ಲು ನಿಲ್ಲಿಸಿ, ಹಿಂದಿನ ಕ್ಯಾರಿಯರಿನಲ್ಲಿದ್ದ ಚೀಲ ಸರಿ ಮಾಡಿಕೊಳ್ಳುತ್ತಾ ಕೇಳಿದ.

"ಎಂಟನೇ ಫಾರಂ ಸಿಕ್ತಾ ಮೇಷ್ಟ್ರೇ?"

ಇಲ್ಲಪ್ಪ ಅಂದೆ. ನಿನಗೆ ಯಾಕೋ ಅಷ್ಟೊಂದು ಅವಸರ, ಕಥೆಯ ಕೊನೆ ಗೊತ್ತಲ್ಲ, ಲೋಕವೇ ಉದ್ಧಾರ ಆಗುತ್ತಲ್ಲ ಅಂದೆ.

"ಅದು ಬಿಡಿ," ಅಂದ. "ಬಸವನ ಬಾಯಿಗೆ ಬೊಗಸೆ ಹಿಡಿದಿದ್ನಲ್ಲ, ನೀರು ಕುಡಿದ್ನಾ ಇಲ್ವಾ? ಅದೊಂದು ಹೇಳಿ ಸಾಕು."